ಮೂಗಿಗೆ ಸಿಗದ ಗಾಳಿ

ಸೊಲ್ಗೊಲ್ ಊರಿನ ಹಿರಿಯ ಹೆಂಗಸರಿಗೆ ಚಳಿಗಾಲ ಬಂತೆಂದರೆ ಒಂದೇ ಚಿಂತೆ. ಮಧ್ಯಾಹ್ನ ಎಲ್ಲಿ ಕೂರುವುದು? ಹಳೆಯ ಸಮುದಾಯ ಭವನದ ಕಿಟಕಿಗಳು ಪೂರ್ತಿ ಮುಚ್ಚುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಗಾಳಿ ಸುಯ್ಯೆಂದು ಒಳಗೆ ಬರುತ್ತಿತ್ತು. ನೆಲ ಒಂದು ಮೂಲೆಯಲ್ಲಿ ಮಾತ್ರ ಬೆಚ್ಚಗಿರುತ್ತಿತ್ತು. ಆ ಮೂಲೆಗಾಗಿ ಎಪ್ಪತ್ತು ದಾಟಿದವರೆಲ್ಲ ಶಾಲೆ ಮಕ್ಕಳ ಹಾಗೆ ಕಿತ್ತಾಡುತ್ತಿದ್ದರು. ಕಾಂಗ್ವೊನ್ ಬೆಟ್ಟಗಳಲ್ಲಿ ಕೊರಿಯಾದ ಬೇರೆಲ್ಲ ಕಡೆಗಿಂತ ಚಳಿ ಜಾಸ್ತಿ. ನವೆಂಬರ್ ಮುಗಿಯುವ ಮೊದಲೇ ಹಿಮ ಬಿದ್ದಿರುತ್ತದೆ.

ಅಂತೂ ಈ ವರ್ಷ ಹೊಸ ಭವನ ಎದ್ದು ನಿಂತಿತು. ಎರಡು ಪದರದ ಗಾಜಿನ ಕಿಟಕಿಗಳು. ಒಮ್ಮೆ ಮುಚ್ಚಿದರೆ ಹೊರಗೆ ನಾಯಿ ಬೊಗಳಿದರೂ ಕೇಳುವುದಿಲ್ಲ. ನೆಲದಡಿ ಬಿಸಿನೀರಿನ ಕೊಳವೆಗಳು. ಅಡುಗೆಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಹೊಚ್ಚ ಹೊಸ ಗ್ಯಾಸ್ ಬಾಯ್ಲರ್.

ಭವನದ ಬೀಗದ ಕೈ ಮಲ್ಸುನಜ್ಜಿಯ ಹತ್ತಿರ ಇತ್ತು. ಅವಳ ಮನೆ ಪಕ್ಕದಲ್ಲೇ ಇದ್ದದ್ದು ಒಂದು ಕಾರಣ. ಆ ಕಟ್ಟಡದೊಳಗೆ ಏನೇನಿದೆ ಎಂದು ಕಟ್ಟಿದವರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿದ್ದದ್ದು ಇನ್ನೊಂದು ಕಾರಣ. ಅವಳಿಗೆ ಎಪ್ಪತ್ತನಾಲ್ಕು ವರ್ಷ. ಯಾವ ವಸ್ತು ಕಂಡರೂ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ತನಕ ಅವಳಿಗೆ ಸಮಾಧಾನವಿಲ್ಲ. ಮನೆಯ ಅನ್ನದ ಕುಕ್ಕರನ್ನು ಎರಡು ಸಲ ಬಿಚ್ಚಿದ್ದಾಳೆ, ಒಂದು ಸಲ ಮಾತ್ರ ಸರಿಯಾಗಿ ಜೋಡಿಸಿದ್ದಾಳೆ. ಅಂದಿನಿಂದ ಸೊಸೆ ಸ್ಕ್ರೂಡ್ರೈವರನ್ನು ಬಚ್ಚಿಟ್ಟಿದ್ದಾಳೆ.

ಬಾಯ್ಲರ್ ಕೂಡಿಸಲು ಬಂದ ಕೆಲಸಗಾರ, ಹೋಗುವ ಮೊದಲು, ಅಡುಗೆಮನೆಯ ಗೋಡೆಗೆ, ಬಾಯ್ಲರ್ ಕೋಣೆಯ ಬಾಗಿಲ ಪಕ್ಕ, ಒಂದು ಬಿಳಿ ಡಬ್ಬಿ ಸಿಕ್ಕಿಸಿದ. ಅಂಗೈಯಷ್ಟು ದೊಡ್ಡದು. ಹಸಿರು ದೀಪವೊಂದು ಆಗಾಗ ಮಿನುಗುತ್ತಿತ್ತು.

"ಇದೇನಪ್ಪಾ?" ಎಂದಳು ಮಲ್ಸುನಜ್ಜಿ.

"ಕಾರ್ಬನ್ ಮೊನಾಕ್ಸೈಡ್ ಅಲಾರಂ, ಅಜ್ಜಿ. ಹೊಸ ಬಾಯ್ಲರ್ ಕೂಡ್ಸಿದ್ರೆ ಇದನ್ನೂ ಹಾಕ್ಲೇಬೇಕು, ಕಾನೂನು. ವಿಷದ ಗಾಳಿ ಬಂದ್ರೆ ಕೂಗುತ್ತೆ."

"ಬಂದಿದೆ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಅಜ್ಜಿ," ಎಂದು ಅವನು ಚೀಲ ಹೆಗಲಿಗೇರಿಸಿದ. ಇನ್ನೂ ಎರಡು ಮನೆ ಬಾಕಿ ಇದ್ದವು ಅವನಿಗೆ.

ಅಷ್ಟು ಸಾಕಾಯಿತು. ಗೊತ್ತಾಗುತ್ತೆ ಅಂದರೆ ಹೇಗೆ? ಮಲ್ಸುನಜ್ಜಿ ಡಬ್ಬಿಯ ಕೆಳಗೆ ನಿಂತು ಕತ್ತೆತ್ತಿ ನೋಡಿದಳು. ಒಂದು ಕಡೆ ಸಣ್ಣ ಸಣ್ಣ ಸೀಳುಗಳಿದ್ದವು. 'ಓಹೋ, ಇದು ಮೂಗು' ಅಂದುಕೊಂಡಳು. ಮೂಗಿದ್ದ ಮೇಲೆ ವಾಸನೆ ಹಿಡಿಯಲೇಬೇಕು. ಎಷ್ಟು ಚುರುಕಿನ ಮೂಗು, ನೋಡೋಣ.

ಮರುದಿನ ಅವಳು ಭವನದ ಒಲೆಯ ಮೇಲೆ ಚೊಂಗುಕ್‌ಜಾಂಗ್ ಸಾರು ಇಟ್ಟಳು. ಬೇಯಿಸಿದ ಸೋಯಾ ಕಾಳನ್ನು ಬೆಚ್ಚಗೆ ಮುಚ್ಚಿಟ್ಟು, ನೂಲು ನೂಲಾಗಿ ಎಳೆ ಬರುವಷ್ಟು ಹುಳಿಸಿ ಮಾಡುವ ಸಾರು. ಅದು ಕುದಿದರೆ ಪಕ್ಕದ ಬೀದಿಗೂ ಸುದ್ದಿ ಮುಟ್ಟುತ್ತದೆ. ಪಾತ್ರೆಯನ್ನು ಎತ್ತಿ ಡಬ್ಬಿಯ ಮೂಗಿಗೆ ಹಿಡಿದಳು. ಡಬ್ಬಿ ಸುಮ್ಮನಿತ್ತು.

"ಏನೇ ಮಾಡ್ತಿದೀಯ? ಗೋಡೆಗೆ ಊಟ ಬಡಿಸ್ತಿದೀಯ?" ಎಂದಳು ಗಿಲ್ಜಾ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಐವತ್ತು ವರ್ಷದಿಂದ ಒಬ್ಬರನ್ನೊಬ್ಬರು ಆಡಿಕೊಳ್ಳುತ್ತಲೇ ಇದ್ದಾರೆ.

"ಇದರ ಮೂಗು ನೋಡ್ತಿದೀನಿ ಕಣೇ. ಕೂಗುತ್ತಂತೆ."

"ನಿನ್ ಸಾರಿಗೆ ಮನುಷ್ಯರೇ ಕೂಗ್ತಾರೆ, ಅದಿನ್ನೂ ಕೂಗಿಲ್ವಾ?"

ಎರಡನೇ ದಿನ ಜಜ್ಜಿದ ಬೆಳ್ಳುಳ್ಳಿ. ಮೂರನೇ ದಿನ ವರ್ಷಗಟ್ಟಲೆ ಕೊಳೆಹಾಕಿದ ಮೀನಿನ ರಸ. ಮತ್ತೆ ಅದೇ ಸಾರು, ಈ ಸಲ ಗಟ್ಟಿಯಾಗಿ. ಕೊನೆಗೆ ಊರ ಯಜಮಾನರಾದ ತಾಕ್ ಇನ್ಬೊಮ್ ಗದ್ದೆಯಿಂದ ಬಂದು ಬೂಟು ಕಳಚಿದಾಗ, ಗಿಲ್ಜಾ ಅವರ ಕಾಲುಚೀಲವನ್ನು ಎರಡು ಬೆರಳಲ್ಲಿ ಹಿಡಿದು ತಂದು ಡಬ್ಬಿಗೆ ತೋರಿಸಿದಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಬ್ಬಿ ಅದಕ್ಕೂ ಬಾಯಿ ಬಿಡಲಿಲ್ಲ.

"ಇದಕ್ಕೂ ಕೂಗಲಿಲ್ಲ ಅಂದ್ರೆ ಅದು ಸತ್ತಿದೆ ಬಿಡಿ," ಎಂದಳು ಗಿಲ್ಜಾ.

ತಾಕ್ ಯಜಮಾನರು ಕಾಲುಚೀಲ ಕಿತ್ತುಕೊಂಡರು. "ನಾನು ಮೊದ್ಲೇ ಹೇಳ್ಲಿಲ್ವಾ? ಇದೆಲ್ಲ ಕಾಗದದ ಮೇಲೆ ತೋರ್ಸಕ್ಕೆ ಅಷ್ಟೆ. ಅಧಿಕಾರಿಗಳು ಬಂದ್ರು, ನೋಡಿದ್ರು, ಸಹಿ ಹಾಕಿದ್ರು. ಅಲ್ಲಿಗೆ ಅದರ ಕೆಲಸ ಮುಗೀತು. ಹೊಸ ಕಟ್ಟಡ, ಹೊಸ ಬಾಯ್ಲರ್. ಏನಾಗುತ್ತೆ?"

ತಾಕ್ ಕೆಟ್ಟ ಮನುಷ್ಯರಲ್ಲ. ಈ ಭವನಕ್ಕಾಗಿ ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ಆದರೆ ಗೋಡೆಗೆ ಒಂದು ದೊಡ್ಡ ಗಡಿಯಾರ ಉಡುಗೊರೆ ಬಂದಿತ್ತು. ಅದಕ್ಕೆ ಸರಿಹೊಂದುವುದು ಡಬ್ಬಿ ಇದ್ದ ಜಾಗವೊಂದೇ ಎಂದು ಅವರಿಗೆ ಅನ್ನಿಸಿತು. ಡಬ್ಬಿಯನ್ನು ಕಳಚಿ ಅಡುಗೆಮನೆಯ ಖಾನೆಯೊಳಗೆ ಹಾಕಿದರು. ಮಲ್ಸುನಜ್ಜಿಗೆ ಒಳಗೊಳಗೇ ಸ್ವಲ್ಪ ಬೇಜಾರಾಯಿತು, ಅಷ್ಟೆ. ಒಂದು ವಸ್ತು ಅರ್ಥವಾಗದೆ ಅವಳ ಕೈ ತಪ್ಪಿ ಹೋಗಿತ್ತು.

ಹತ್ತು ದಿನ ಕಳೆದ ಮೇಲೆ ನಾಮ್ಹಿ ಬಂದಳು. ಸುತ್ತಲಿನ ಹನ್ನೆರಡು ಊರುಗಳಲ್ಲಿ ಮನೆ ಮನೆಗೆ ಹೋಗಿ ಗ್ಯಾಸ್ ಸಂಪರ್ಕ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ನಲವತ್ತರ ಹೆಂಗಸು, ನಗುಮುಖ. ಆದರೆ ಕೊಳವೆಯ ಮುಂದೆ ಕೂತಾಗ ಮಾತ್ರ ನಗುವುದಿಲ್ಲ. ಅವಳು ಸಾಬೂನಿನ ನೊರೆ ಹಚ್ಚಿ ಕೊಳವೆಯ ಕೀಲುಗಳನ್ನು ನೋಡಿದಳು. ಬಾಯ್ಲರ್ ನೋಡಿದಳು. ಬಾಯ್ಲರಿನಿಂದ ಹೊರಗೋಡೆಗೆ ಹೋಗುವ ಹೊಗೆ ಕೊಳವೆಯ ಮೇಲೆ ಕೈಯಾಡಿಸಿದಳು. ಅಲ್ಲಿಂದ ಎದ್ದು ಗೋಡೆಯತ್ತ ತಿರುಗಿ, ಗಡಿಯಾರವನ್ನು ದಿಟ್ಟಿಸಿದಳು.

"ಅಜ್ಜಿ, ಇಲ್ಲಿರ್ಬೇಕಾದ ಅಲಾರಂ ಎಲ್ಲಿ?"

ಎಲ್ಲರೂ ತಾಕ್ ಯಜಮಾನರ ಮುಖ ನೋಡಿದರು. ಅವರು ಕೆಮ್ಮಿದರು. "ಅದಾ? ಅದು ಕೆಟ್ಟಿತ್ತಮ್ಮ. ಕೂಗ್ತಾನೇ ಇರ್ಲಿಲ್ಲ."

"ಕೂಗ್ಲಿಲ್ಲ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

ಆಗ ಮಲ್ಸುನಜ್ಜಿ ಎಲ್ಲವನ್ನೂ ಹೇಳಿದಳು. ಸಾರು, ಬೆಳ್ಳುಳ್ಳಿ, ಮೀನಿನ ರಸ. ಕಾಲುಚೀಲದ ಮಾತು ಬಂದಾಗ ನಾಮ್ಹಿ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ಖಾನೆಯಿಂದ ಡಬ್ಬಿ ತೆಗೆದು, ಮಲ್ಸುನಜ್ಜಿಯ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ, ನೀವು ಮಾಡಿದ್ದು ಒಳ್ಳೆ ಪರೀಕ್ಷೇನೇ. ಆದ್ರೆ ಇದು ವಾಸನೆ ಹಿಡಿಯೋ ಮೂಗಲ್ಲ. ವಾಸನೆಗೆ ನಮ್ಮ ಮೂಗೇ ಸಾಕಲ್ವಾ? ಅದಕ್ಕೆ ಯಂತ್ರ ಯಾಕೆ? ವಾಸನೇನೇ ಇಲ್ಲದ ಒಂದು ಗಾಳಿ ಇದೆ. ಅದಕ್ಕೆ ಬಣ್ಣ ಇಲ್ಲ, ರುಚಿ ಇಲ್ಲ. ಮೂಗು, ಕಣ್ಣು ಉರಿಯೋದೂ ಇಲ್ಲ. ಈ ಡಬ್ಬಿ ಅದೊಂದಕ್ಕೇ ಕಾಯ್ಕೊಂಡು ಕೂತಿರೋದು."

"ಸುಳ್ಳು ಹೇಳ್ಬೇಡ," ಎಂದಳು ಗಿಲ್ಜಾ. "ಗ್ಯಾಸ್ ವಾಸನೆ ನಂಗೆ ಚೆನ್ನಾಗಿ ಗೊತ್ತು. ಕೊಳೆತ ಈರುಳ್ಳಿ ಥರ ಬರುತ್ತೆ."

"ಅದು ಉರಿಯದೆ ಸೋರೋ ಗ್ಯಾಸು, ಅಜ್ಜಿ. ನಮಗೆ ಗೊತ್ತಾಗ್ಲಿ ಅಂತ ಅದಕ್ಕೆ ವಾಸನೆ ಬೇಕಂತಲೇ ಸೇರಿಸಿರ್ತಾರೆ. ನಾನು ಹೇಳ್ತಿರೋದು ಉರಿದ ಮೇಲೆ ಬರೋ ಗಾಳಿ. ಬೆಂಕೀನೂ ನಮ್ಮ ಥರಾನೇ, ಉಸಿರಾಡ್ಬೇಕು. ಉಸಿರು ಸಾಲ್ದೇ ಹೋದ್ರೆ ಅರೆಬರೆ ಉರಿಯುತ್ತೆ, ಆಗ ಈ ವಿಷ ಹುಟ್ಟುತ್ತೆ. ಹೊಗೆ ಕೊಳವೆ ಸರಿ ಇದ್ರೆ ಎಲ್ಲ ಹೊರಗೆ ಹೋಗುತ್ತೆ. ಕೊಳವೆ ಕಟ್ಕೊಂಡ್ರೆ, ಕಳಚಿದ್ರೆ, ಎಲ್ಲ ಮನೆ ಒಳಗೇ."

"ಒಳಗೆ ಬಂದು ಏನ್ ಮಾಡುತ್ತೆ?" ಮಲ್ಸುನಜ್ಜಿ ಮುಂದಕ್ಕೆ ಬಾಗಿದಳು.

ನಾಮ್ಹಿ ಒಂದು ಗಳಿಗೆ ಯೋಚಿಸಿದಳು. "ಸಂತೆ ದಿನದ ಬಸ್ಸು ನೋಡಿದೀರಲ್ಲ? ಸೀಟೆಲ್ಲ ಮೊದ್ಲೇ ಯಾರೋ ಹಿಡ್ಕೊಂಡು ಕೂತಿರ್ತಾರೆ, ಏಳೋದೇ ಇಲ್ಲ. ನಮ್ಮ ರಕ್ತದಲ್ಲಿ ಒಳ್ಳೆ ಗಾಳಿ ಕೂರೋ ಜಾಗದಲ್ಲಿ ಇದು ಹೋಗಿ ಕೂತ್ಬಿಡುತ್ತೆ. ಒಳ್ಳೆ ಗಾಳಿಗೆ ಜಾಗಾನೇ ಇಲ್ಲ. ಮೊದ್ಲು ತಲೆನೋವು. ಆಮೇಲೆ ತಲೆಸುತ್ತು, ವಾಕರಿಕೆ. ಊಟ ಹೆಚ್ಚಾಯ್ತೇನೋ, ನೆಗಡಿ ಬಂತೇನೋ ಅಂದ್ಕೊಂಡು ಮಲಗ್ತೀವಿ. ಮಲಗಿದ್ರೆ ಏಳಲ್ಲ."

ಮಲ್ಸುನಜ್ಜಿ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು.

"ಇದು... ಯೊಂತಾನ್ ಗಾಳಿ ಅಲ್ವಾ?"

ಯೊಂತಾನ್ ಎಂದರೆ ಜೇನುಗೂಡಿನಂತೆ ತೂತುಗಳಿರುವ ಕಲ್ಲಿದ್ದಲಿನ ದಪ್ಪ ಬಿಲ್ಲೆ. ಹಿಂದೆ ಕೊರಿಯಾದ ಬಡವರ ಮನೆಗಳ ನೆಲ ಬೆಚ್ಚಗಾಗುತ್ತಿದ್ದದ್ದು ಅದರಿಂದಲೇ. ಕೋಣೆಯ ನೆಲದಡಿ ಅದನ್ನು ಉರಿಸುತ್ತಿದ್ದರು. ನೆಲ ಬಿರುಕು ಬಿಟ್ಟಿದ್ದರೆ ಬೆಳಿಗ್ಗೆ ಆ ಕೋಣೆಯಿಂದ ಯಾರೂ ಎದ್ದು ಬರುತ್ತಿರಲಿಲ್ಲ.

"ಹೌದಜ್ಜಿ. ಅದೇ."

"ಆದ್ರೆ ಅದು ಕಲ್ಲಿದ್ದಲು. ಇದು ಗ್ಯಾಸು."

"ಕಲ್ಲಿದ್ದಲಾಗ್ಲಿ, ಗ್ಯಾಸಾಗ್ಲಿ, ಸೌದೆಯಾಗ್ಲಿ. ಉರಿಯೋದು ಏನೇ ಇದ್ರೂ, ಗಾಳಿ ಸಾಲ್ಲಿಲ್ಲ ಅಂದ್ರೆ ಬರೋದು ಅದೇ."

 ಈ ಊರಿನಲ್ಲಿ ಗಿಲ್ಜಾಳಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲದ ಮಾತೊಂದು ಮಲ್ಸುನಜ್ಜಿಯ ಹತ್ತಿರ ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಪಟ್ಟಣದ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಅಕ್ಕ ಸುನ್ದೊಕ್ ಕೂಡ ಅಲ್ಲೇ. ಇಬ್ಬರಿಗೂ ಸೇರಿ ಯೊಂತಾನ್ ಉರಿಸುವ ಒಂದು ಬಾಡಿಗೆ ಕೋಣೆ. ಒಂದು ಬೆಳಿಗ್ಗೆ ಮಲ್ಸುನ್ ಕಣ್ಣು ಬಿಟ್ಟಾಗ ಅಂಗಳದಲ್ಲಿ ಮಲಗಿದ್ದಳು. ಮನೆಯೊಡತಿ ಅವಳ ಬಾಯಿಗೆ ಮದ್ದೆಂದು ಮೂಲಂಗಿ ಉಪ್ಪಿನಕಾಯಿಯ ತಣ್ಣನೆ ನೀರು ಹುಯ್ಯುತ್ತಿದ್ದಳು. ಪಕ್ಕದಲ್ಲಿ ಅಕ್ಕನ ಬಾಯಿಗೂ ಹುಯ್ದಿದ್ದರು. ಅದು ಕೆನ್ನೆಯ ಮೇಲಿಂದ ಹರಿದು ಕೂದಲಲ್ಲಿ ಇಂಗಿತ್ತು. ಅಕ್ಕ ಕಣ್ಣು ಬಿಡಲೇ ಇಲ್ಲ.

ಅವಳು ಅದನ್ನೆಲ್ಲ ನಾಮ್ಹಿಗೆ ಹೇಳಿದಳು. ದೊಡ್ಡ ದನಿಯಲ್ಲಿ ಅಲ್ಲ. ಎಲ್ಲ ಹೇಳಿದ ಮೇಲೆ ಕೇಳಿದಳು: "ಆ ಉಪ್ಪಿನಕಾಯಿ ನೀರಿನಿಂದಲೇ ನಾನು ಬದುಕಿದ್ದು ಅಂತ ಎಲ್ರೂ ಹೇಳಿದ್ರು. ಅಕ್ಕಂಗೆ ಯಾಕೆ ಹಿಡೀಲಿಲ್ಲ ಅಂತ ನಾನು ಇವತ್ತಿನವರೆಗೂ ಯೋಚಿಸ್ತಿದೀನಿ."

"ಅದರಿಂದ ಅಲ್ಲ ಅಜ್ಜಿ," ಎಂದಳು ನಾಮ್ಹಿ ಮೆಲ್ಲಗೆ. "ನೀವು ಬಾಗಿಲ ಹತ್ರ ಮಲಗಿದ್ರಾ?"

"ಹೂಂ. ಅಕ್ಕ ಬೆಚ್ಚಗಿನ ಮೂಲೇಲಿ. ಅವಳಿಗೆ ಕೆಮ್ಮು ಇತ್ತು, ನಾನೇ ಬಿಟ್ಕೊಟ್ಟಿದ್ದೆ."

"ಬಾಗಿಲ ಸಂದೀಲಿ ಬಂದ ಗಾಳಿ ನಿಮ್ಮನ್ನ ಉಳಿಸಿದ್ದು. ಆ ವಿಷಕ್ಕೆ ಒಳ್ಳೆ ಗಾಳಿ ಬಿಟ್ರೆ ಬೇರೆ ಮದ್ದಿಲ್ಲ. ಹೊರಗೆ ಕರ್ಕೊಂಡು ಬರ್ಬೇಕು, ಆಸ್ಪತ್ರೇಲಿ ಆಮ್ಲಜನಕ ಕೊಡಿಸ್ಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕೋದೇ ತಪ್ಪು. ನಿಮ್ಮದೇನೂ ತಪ್ಪಿಲ್ಲ ಅಜ್ಜಿ."

 ಮಲ್ಸುನಜ್ಜಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಎದುರಿನ ಕಿಟಕಿಯನ್ನು ನೋಡಿದಳು. ಎರಡು ಪದರದ ಗಾಜು, ಅಂಚಿಗೆ ದಪ್ಪ ರಬ್ಬರ್ ಪಟ್ಟಿ.

"ಹಂಗಾದ್ರೆ ಹಳೇ ಭವನದಲ್ಲಿ ಸಂದೀಲಿ ಗಾಳಿ ಬರ್ತಿತ್ತು. ಇಲ್ಲಿ..."

"ಇಲ್ಲಿ ಒಂದು ಎಳೆ ಗಾಳೀನೂ ಬರಲ್ಲ," ಎಂದಳು ನಾಮ್ಹಿ. "ಅದಕ್ಕೇ ಅಜ್ಜಿ ಹೊಸ ಕಟ್ಟಡಕ್ಕೆ ಇದು ಹೆಚ್ಚು ಬೇಕು. ಹೊಸ ಮನೆ ಬಿಸೀನೂ ಹೊರಗೆ ಬಿಡಲ್ಲ, ವಿಷಾನೂ ಹೊರಗೆ ಬಿಡಲ್ಲ."

ಅವಳು ಡಬ್ಬಿಯ ಮೇಲಿನ ಗುಂಡಿ ಒತ್ತಿದಳು. ಕಿವಿ ಚುಚ್ಚುವಂತೆ ಅದು ಕೂಗಿಕೊಂಡಿತು. ಒಳಕೋಣೆಯಲ್ಲಿ ಮಲಗಿದ್ದ ಬೊಕ್ಸಿಲಜ್ಜಿ, ಎಂಬತ್ತೊಂದು ವರ್ಷದವಳು, ಹತ್ತಿರ ನಿಂತು ಕೂಗಿದರೂ ಕೇಳಿಸದವಳು, ಎದ್ದು ಕೂತು "ಯಾರ ಫೋನೇ ಅದು? ಎತ್ರೇ!" ಎಂದಳು.

"ತಿಂಗಳಿಗೊಂದ್ಸಲ ಹೀಗೆ ಒತ್ತಿ ನೋಡಿ," ಎಂದಳು ನಾಮ್ಹಿ. "ಕೂಗಿದ್ರೆ ಬದುಕಿದೆ ಅಂತ ಅರ್ಥ. ಅದಾಗೇ ಕೂಗಿದ್ರೆ ಯಾಕೆ, ಏನು ಅಂತ ನಿಂತ್ಕೊಬೇಡಿ. ಬಾಗಿಲು, ಕಿಟಕಿ ತೆಗೀರಿ, ಎಲ್ರೂ ಹೊರಗೆ ಹೋಗಿ, ಅಗ್ನಿಶಾಮಕದವರ ಒಂದು ಒಂದು ಒಂಬತ್ತಕ್ಕೆ ಫೋನ್ ಮಾಡಿ. ನೋಡಿದವರು ಸರಿ ಅನ್ನೋವರೆಗೂ ಒಳಗೆ ಕಾಲಿಡ್ಬೇಡಿ."

ಗಡಿಯಾರ ಬೇರೆ ಗೋಡೆಗೆ ಹೋಯಿತು. ಡಬ್ಬಿ ತನ್ನ ಜಾಗಕ್ಕೆ ಬಂತು. ತಾಕ್ ಯಜಮಾನರು ತಾವೇ ಕುರ್ಚಿ ಹತ್ತಿ ಸಿಕ್ಕಿಸಿದರು. ಆದರೆ ಅವರ ಮುಖ ನೋಡಿದರೆ ಅತಿಥಿಯ ಮರ್ಯಾದೆಗೆ ಮಾಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು.

ಡಿಸೆಂಬರ್ ಬಂತು. ಮೊಣಕಾಲುದ್ದ ಹಿಮ ಬಿತ್ತು. ಊರಿನವರೆಲ್ಲ ಸೇರಿ ಚಳಿಗಾಲದ ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕಿದ್ದರು. ಭವನದ ಪಾಲಿನ ಡಬ್ಬಗಳನ್ನು ಇಡಲು ಜಾಗವಿರಲಿಲ್ಲ. ತಾಕ್ ಯಜಮಾನರು ಬಾಯ್ಲರ್ ಕೋಣೆಯಲ್ಲಿ ಒಂದು ಅಟ್ಟಣಿಗೆ ಹೊಡೆದರು. ಒಳ್ಳೆಯ ಗಟ್ಟಿ ಹಲಗೆ, ಮಟ್ಟಸ ಕೆಲಸ. ಹೆಂಗಸರೆಲ್ಲ ಹೊಗಳಿದರು. ಮಲ್ಸುನಜ್ಜಿಯೂ ಹೊಗಳಿದಳು.

ಮಾರನೇ ದಿನ ಮಧ್ಯಾಹ್ನ ತಾಕ್ ಯಜಮಾನರೂ ಸೇರಿ ಒಂಬತ್ತು ಮಂದಿ ಭವನದಲ್ಲಿದ್ದರು. ಅಂದಿನ ಸಾರು ಗಿಲ್ಜಾಳದು, ಅದೇ ಚೊಂಗುಕ್‌ಜಾಂಗ್. ಊಟವಾಯಿತು. ನೆಲ ಹಿತವಾಗಿ ಬೆಚ್ಚಗಿತ್ತು. ಬೊಕ್ಸಿಲಜ್ಜಿ ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದಳು. ಉಳಿದವರು ಹೂವಿನ ಚಿತ್ರದ ಇಸ್ಪೀಟು ಹರಡಿದರು. ಗಿಲ್ಜಾ ಮೂರು ಆಟ ಸಾಲಾಗಿ ಸೋತಳು.

"ತಲೆ ಸಿಡೀತಿದೆ," ಎಂದಳು ಹಣೆ ಒತ್ತಿಕೊಳ್ಳುತ್ತ.

"ಸೋತವರಿಗೆಲ್ಲ ಸಿಡಿಯುತ್ತೆ," ಎಂದಳು ಮಲ್ಸುನಜ್ಜಿ. ಹೇಳಿದವಳಿಗೂ ಹಣೆಯ ಎರಡೂ ಬದಿ ಭಾರವಾಗಿತ್ತು.

ಆಗಲೇ ಡಬ್ಬಿ ಕೂಗಿತು.

ನಾಲ್ಕು ಕೂಗು. ಸ್ವಲ್ಪ ತಡೆದು ಮತ್ತೆ ನಾಲ್ಕು. ಕೆಂಪು ದೀಪ ಹೊಳೆಯಿತು. ಇಸ್ಪೀಟೆಲೆ ಹಿಡಿದ ಕೈಗಳೆಲ್ಲ ಗಾಳಿಯಲ್ಲೇ ನಿಂತವು.

"ನನ್ ಸಾರು!" ಎಂದು ಗಿಲ್ಜಾ ಕೆನ್ನೆಗೆ ಕೈ ಇಟ್ಟುಕೊಂಡಳು. "ನೋಡ್ರೇ, ನನ್ ಸಾರಿಗೆ ಕೂಗ್ತು!"

ತಾಕ್ ಯಜಮಾನರು ಕುರ್ಚಿ ಎಳೆದು ಹತ್ತಿದರು. "ಎಲ್ಲ ಕೂತ್ಕೊಳಿ, ಕೂತ್ಕೊಳಿ. ಬ್ಯಾಟರಿ ತೆಗೆದು ಬಿಡ್ತೀನಿ. ಸಾರಿನ ಹಬೆಗೆ ಹಿಂಗಾಗಿದೆ."

ಅವರ ಕೈ ಡಬ್ಬಿಗೆ ಮುಟ್ಟುವುದರೊಳಗೆ ಮಲ್ಸುನಜ್ಜಿ ಕುರ್ಚಿಯನ್ನು ಹಿಡಿದು ಅಲ್ಲಾಡಿಸಿದಳು.

"ಇಳೀರಿ!"

"ಅಕ್ಕಾ, ಬಿದ್ಬಿಡ್ತೀನಿ..."

"ಇಳೀರಿ ಅಂದೆ! ಎರಡು ದಿನ ಈ ಸಾರನ್ನ ಅದರ ಮೂತಿಗೇ ಹಿಡಿದಿದ್ದೆ. ಬೆಳ್ಳುಳ್ಳಿ ಹಿಡಿದೆ, ಮೀನು ಹಿಡಿದೆ. ಒಂದು ಸಲಾನೂ ಕೂಗ್ಲಿಲ್ಲ. ನಮ್ ಮೂಗಿಗೆ ಸಿಗೋದಕ್ಕೆ ಅದು ಕೂಗಲ್ಲ. ಸಿಗದೇ ಇರೋದು ಏನೋ ಬಂದಿದೆ. ಗಿಲ್ಜಾ, ನಿಂಗೆ ತಲೆನೋವು. ನಂಗೂ ತಲೆನೋವು. ಇನ್ಯಾರಿಗೆ?"

ಒಬ್ಬೊಬ್ಬರಾಗಿ ಮೂರು ಕೈ ಮೇಲೆ ಹೋದವು.

ತಾಕ್ ಕುರ್ಚಿಯಿಂದ ಇಳಿದರು. ಇಳಿದವರೇ ಹೋಗಿ ಮುಂಬಾಗಿಲನ್ನು ಹಾರುಹೊಡೆದು ತೆಗೆದರು. ಗಿಲ್ಜಾ ಕಿಟಕಿಗಳನ್ನು ಸರಿಸಿದಳು. ಕೊರೆಯುವ ಗಾಳಿ ಒಳಗೆ ನುಗ್ಗಿತು. ಹೆಂಗಸರು ಗೊಣಗುತ್ತ, ಒಬ್ಬರ ಭುಜ ಒಬ್ಬರು ಹಿಡಿದು, ಬಾಗಿಲ ಹತ್ತಿರ ಬಂದು ಚಪ್ಪಲಿ, ಬೂಟುಗಳಿಗೆ ಕಾಲು ತುರುಕಿದರು.

ಮಲ್ಸುನಜ್ಜಿ ಕೊನೆಯವಳಾಗಿ ಹೊಸ್ತಿಲ ಹತ್ತಿರ ಬಂದಳು. ಬೂಟಿನ ಹಲಗೆಯ ಮೇಲೆ ಒಂದು ಜೊತೆ ಉಳಿದಿತ್ತು. ಒಳಗೆ ತುಪ್ಪಳವಿರುವ ನೇರಳೆ ಬಣ್ಣದ ಬೂಟು.

"ಬೊಕ್ಸಿಲಕ್ಕ!"

ತಾಕ್ ಅವಳ ಹಿಂದೆಯೇ ಒಳಕೋಣೆಗೆ ಓಡಿದರು. ಬೊಕ್ಸಿಲಜ್ಜಿ ಕಂಬಳಿಯೊಳಗೆ ಮಗುವಿನಂತೆ ಮಲಗಿದ್ದಳು. ಕರೆದರೆ ಏಳಲಿಲ್ಲ. ಅಲ್ಲಾಡಿಸಿದರೆ ತಲೆ ಆ ಕಡೆ ವಾಲಿತು. ಕಳೆದ ತಿಂಗಳು ಗುಂಡಿ ಒತ್ತಿದ ಸದ್ದಿಗೇ ಎದ್ದು ಕೂತವಳು, ಈಗ ಅದು ಬಿಡದೆ ಕೂಗುತ್ತಿದ್ದರೂ ಎದ್ದಿರಲಿಲ್ಲ.  ಆ ಕ್ಷಣ ಮಲ್ಸುನಜ್ಜಿಯ ಕಣ್ಣ ಮುಂದೆ ಬೇರೊಂದು ಕೋಣೆ, ಬೇರೊಂದು ಮುಖ ಬಂತು. ಆದರೆ ಕೈಗಳು ನಿಲ್ಲಲಿಲ್ಲ. ಅವಳು ಹಾಸಿಗೆಯ ಒಂದು ತುದಿ ಹಿಡಿದಳು, ತಾಕ್ ಇನ್ನೊಂದು ತುದಿ ಹಿಡಿದರು. ನುಣುಪಾದ ನೆಲದ ಮೇಲೆ ಹಾಸಿಗೆ ಸಮೇತ ಅವಳನ್ನು ಎಳೆದುಕೊಂಡು ಹೊರಗೆ ಬಂದರು. ಹಿಮದ ಮೇಲೇ ಎಳೆದರು.

"ಯಾರೋ ನೀರು ತನ್ನಿ!" ಎಂದು ಒಬ್ಬಳು ಕೂಗಿದಳು.

"ನೀರು ಬೇಡ! ಏನೂ ಬೇಡ!" ಎಂದಳು ಮಲ್ಸುನಜ್ಜಿ. "ಗಾಳಿ ಬಿಡಿ. ಸುತ್ತ ನಿಂತ್ಕೊಬೇಡಿ, ಗಾಳಿ ಬಿಡಿ!" ಅವಳು ಬೊಕ್ಸಿಲಳನ್ನು ಪಕ್ಕಕ್ಕೆ ಹೊರಳಿಸಿ, ತನ್ನ ಕೋಟನ್ನು ಅವಳ ಮೇಲೆ ಹೊದಿಸಿ, ಕೈ ಹಿಡಿದು ಹಿಮದಲ್ಲಿ ಕೂತಳು. ಎದೆ ಏರಿಳಿಯುತ್ತಿತ್ತು. ಅದನ್ನೇ ನೋಡುತ್ತ ಕೂತಳು. ಗಿಲ್ಜಾ ಫೋನಿನಲ್ಲಿ ಊರಿನ ಹೆಸರನ್ನು ಮೂರು ಸಲ ಹೇಳಿದಳು.

ಆಂಬುಲೆನ್ಸ್ ಬರುವಷ್ಟರಲ್ಲಿ ಬೊಕ್ಸಿಲಜ್ಜಿ ಕಣ್ಣು ಬಿಟ್ಟಿದ್ದಳು. ಆಕಾಶ ನೋಡಿದಳು, ಮಲ್ಸುನಜ್ಜಿಯನ್ನು ನೋಡಿದಳು. "ನಿಂಗೇನು ಬುದ್ಧಿ ಇಲ್ವಾ? ಚಳೀಲಿ ಯಾಕೆ ತಂದು ಹಾಕಿದೀಯ?" ಎಂದಳು. ಆ ಬೈಗುಳ ಕೇಳಿ ಮಲ್ಸುನಜ್ಜಿ ಅಳಲು ಶುರುಮಾಡಿದಳು. ಅವಳು ಅತ್ತದ್ದನ್ನು ಗಿಲ್ಜಾ ಐವತ್ತು ವರ್ಷದಲ್ಲಿ ಎರಡನೇ ಸಲ ನೋಡಿದ್ದು. ಪಕ್ಕದಲ್ಲಿ ಕೂತಳು, ಏನೂ ಆಡಿಕೊಳ್ಳಲಿಲ್ಲ.

ಅವರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದು ಮೂಗಿಗೆ ಆಮ್ಲಜನಕ ಹಾಕಿದರು. ಬೊಕ್ಸಿಲಜ್ಜಿ ಎರಡು ದಿನ ಅಲ್ಲೇ ಉಳಿದಳು. ಇನ್ನರ್ಧ ಗಂಟೆ ಹೋಗಿದ್ದರೆ ತಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು.

ಅಗ್ನಿಶಾಮಕದವರು ಬಂದು ಬಾಯ್ಲರ್ ಆರಿಸಿ, ಒಳಗೆ ಹೋಗಬಹುದು ಎಂದ ಮೇಲೆ, ಅಂದೇ ಸಂಜೆ, ಸುದ್ದಿ ಕೇಳಿ ಬಂದ ನಾಮ್ಹಿ ಬಾಯ್ಲರ್ ಕೋಣೆಯ ಬಾಗಿಲು ತೆಗೆದಳು. ಆಸ್ಪತ್ರೆಯಿಂದ ಮರಳಿದ್ದ ತಾಕ್ ಯಜಮಾನರು, ಮಲ್ಸುನಜ್ಜಿ ಅವಳ ಹಿಂದೆ ನಿಂತಿದ್ದರು. ಅಟ್ಟಣಿಗೆ ಗಟ್ಟಿಯಾಗಿಯೇ ಇತ್ತು. ಕಿಮ್ಚಿ ಡಬ್ಬಗಳು ಸಾಲಾಗಿ ಕೂತಿದ್ದವು. ಕೊನೆಯ ಡಬ್ಬ ಹೊಗೆ ಕೊಳವೆಗೆ ಒತ್ತಿಕೊಂಡಿತ್ತು. ಆ ಒತ್ತಡಕ್ಕೆ ಕೊಳವೆ ತಿರುವಿನ ಹತ್ತಿರ ಕಳಚಿಕೊಂಡಿತ್ತು. ಸಂದಿ ಎರಡು ಬೆರಳಿನಷ್ಟು ಅಗಲ.

"ಇಷ್ಟೇನಾ?" ಎಂದಳು ಮಲ್ಸುನಜ್ಜಿ, ಬೆರಳಿಟ್ಟು ಅಳೆಯುತ್ತ.

"ಇಷ್ಟೇ ಅಜ್ಜಿ. ಹೊರಗೆ ಹೋಗ್ಬೇಕಾದ್ದು ಇಲ್ಲೇ ನಿಂತ್ಕೊಂಡು, ಬಾಯ್ಲರ್ ಅದನ್ನೇ ಮತ್ತೆ ಉಸಿರಾಡಿದೆ. ಅದಕ್ಕೇ ಅರೆಬರೆ ಉರಿದಿದೆ."

ತಾಕ್ ಯಜಮಾನರು ಆ ಸಂದಿಯನ್ನೇ ನೋಡುತ್ತ ನಿಂತರು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. "ನನ್ನ ಕೈಯಾರೆ ಹೊಡೆದ ಹಲಗೆ. ಒಂಬತ್ತು ಜನ. ಅದು ಸಾಲ್ದು ಅಂತ ಬ್ಯಾಟರಿ ತೆಗೆಯೋಕೆ ಕುರ್ಚಿ ಹತ್ತಿದ್ದೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಅಕ್ಕ ಕುರ್ಚಿ ಅಲ್ಲಾಡಿಸ್ದೆ ಇದ್ದಿದ್ರೆ..." ಎಂದರು. 

"ಏಳಿ ಯಜಮಾನ್ರೇ," ಎಂದಳು ಮಲ್ಸುನಜ್ಜಿ. "ಕೂತ್ರೆ ಹಲಗೆ ಯಾರು ಕೀಳ್ತಾರೆ?"

ಮರುದಿನ ಬೆಳಿಗ್ಗೆ ಊರಿನ ಧ್ವನಿವರ್ಧಕದಲ್ಲಿ ತಾಕ್ ಅವರ ದನಿ ಬಂತು. ರಸಗೊಬ್ಬರ ಬಂದಿದೆ, ರಸ್ತೆಯ ಹಿಮ ತೆಗೆಯಬೇಕು ಎಂದೆಲ್ಲ ಅವರು ದಿನವೂ ಹೇಳುವುದುಂಟು. ಅಂದಿನ ಮಾತು ಬೇರೆ.

"ನಾನು ತಾಕ್ ಇನ್ಬೊಮ್ ಮಾತಾಡ್ತಿದೀನಿ. ಆ ಡಬ್ಬಿ ಬರೀ ಕಾಗದಕ್ಕೆ ಅಂತ ನಾನು ಹೇಳಿದ್ದೆ. ತಪ್ಪು ನಂದು. ಹೊಸ ಬಾಯ್ಲರ್ ಇದ್ದೋರ ಮನೇಲಿ ಡಬ್ಬಿ ಗೋಡೆ ಮೇಲಿದೆಯಾ ಅಂತ ಇವತ್ತೇ ನೋಡ್ಕೊಳಿ. ಖಾನೇಲಿದ್ರೆ ತೆಗೀರಿ. ಹಳೇ ಬಾಯ್ಲರ್, ಸೌದೆ ಒಲೆ ಇರೋರಿಗೆ ಕಾನೂನು ಹೇಳ್ದೆ ಇದ್ರೂ ಒಂದು ತಂದು ಹಾಕೋಣ. ಹೊಗೆ ಕೊಳವೆ ಹತ್ರ ಏನೂ ಇಡ್ಬೇಡಿ. ಏನಾದ್ರೂ ಗೊತ್ತಾಗ್ಲಿಲ್ಲ ಅಂದ್ರೆ ಮಲ್ಸುನಕ್ಕನ್ನ ಕೇಳಿ."

ಅಂದು ಸಂಜೆಯೊಳಗೆ ಹನ್ನೊಂದು ಮನೆಯವರು ಮಲ್ಸುನಜ್ಜಿಯನ್ನು ಕರೆದರು. ಅವಳು ಮನೆ ಮನೆಗೆ ಹೋಗಿ ಗುಂಡಿ ಒತ್ತಿದಳು, ಕೊಳವೆ ಮುಟ್ಟಿ ನೋಡಿದಳು, ಹೊರಗೋಡೆಯಲ್ಲಿ ಕೊಳವೆಯ ಬಾಯಿಗೆ ಹಿಮ ಕಟ್ಟಿದೆಯೇ, ಹಕ್ಕಿ ಗೂಡು ಕಟ್ಟಿದೆಯೇ ಎಂದು ಬಗ್ಗಿ ನೋಡಿದಳು. ಒಂದು ಮನೆಯಲ್ಲಿ ನಿಜಕ್ಕೂ ಗೂಡಿತ್ತು. ಅವಳ ಸೊಸೆ ತಾನಾಗಿಯೇ, ಬಚ್ಚಿಟ್ಟಿದ್ದ ಸ್ಕ್ರೂಡ್ರೈವರ್ ತಂದು ಕೈಗೆ ಕೊಟ್ಟಳು.

ಈ ಕಥೆ ಓದುತ್ತಿರುವವರೇ, ಕೇಳುತ್ತಿರುವವರೇ, ಸೊಲ್ಗೊಲ್ ದೂರದ ಊರು. ಆದರೆ ಈ ಗಾಳಿ ದೂರದ್ದಲ್ಲ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರುವ ಕಡೆ ಇದು ಬರುತ್ತದೆ. ಚಳಿಗೆಂದು ಬಾಗಿಲು ಹಾಕಿದ ಕೋಣೆಯೊಳಗೆ ಇದ್ದಿಲಿನ ಒಲೆ ಇಟ್ಟುಕೊಂಡರೆ ಬರುತ್ತದೆ. ಅಂಗಡಿಯೊಳಗೆ ಜನರೇಟರ್ ಓಡಿಸಿದರೆ, ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟರೆ ಬರುತ್ತದೆ. ಹೊಸ ಮನೆ ಕಟ್ಟಿಸುತ್ತಿದ್ದೀರಾ? ಟೈಲ್ಸ್ ಆರಿಸಲು ಎಷ್ಟು ಅಂಗಡಿ ಸುತ್ತುತ್ತೀರಿ! ಹಾಗೇ ಒಂದು ದಿನ ಗುತ್ತಿಗೆದಾರರನ್ನು ಕೂರಿಸಿಕೊಂಡು ಕೇಳಿ: ಉರಿಯುವುದೆಲ್ಲ ಎಲ್ಲಿದೆ, ಅದರ ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತದೆ, ಅಲಾರಂ ಎಲ್ಲಿ ಹಾಕುತ್ತೀರಿ? ನಿಯಮ ಕೇಳಲಿ, ಬಿಡಲಿ, ನೀವು ಕೇಳಿ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದೆಯೇ? ಮಾತ್ರೆ ನುಂಗಿ ಮಲಗಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ನಡೆಯಿರಿ, ಆಸ್ಪತ್ರೆಗೆ ಹೋಗಿ.

ಈ ಹಾಳೆಯನ್ನು ಕೆಳಗಿಡುವ ಮೊದಲು ಒಂದೇ ಒಂದು ಕೆಲಸ ಮಾಡಿ. ಎದ್ದು ಹೋಗಿ ನಿಮ್ಮ ಬಚ್ಚಲಿನ, ಅಡುಗೆಮನೆಯ ಕಿಟಕಿ ನೋಡಿ. ಮುಚ್ಚಿದ್ದರೆ ತೆರೆಯಿರಿ.